ಬಳ್ಳಿ ನೋಡದ ದ್ರಾಕ್ಷಿ ಯಾತ್ರೆ

ರಾಜಾಜಿನಗರ, ವಿಜಯನಗರದ ಹಾಪ್‌ಕಾಮ್ಸ್ ಮಳಿಗೆಗಳ ಮುಂದೆ ದಿನಕ್ಕೆರಡು ಸಲ ಹಾದುಹೋಗುವವರಲ್ಲಿ ಎಷ್ಟೋ ಜನಕ್ಕೆ ಆ ಸಂಸ್ಥೆ ಹುಟ್ಟಿದ್ದೇ ದ್ರಾಕ್ಷಿಗಾಗಿ ಎಂಬುದು ಗೊತ್ತಿಲ್ಲ. 1959ರಲ್ಲಿ, ತೋಟಗಾರಿಕಾ ತಜ್ಞ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ಅದು ಶುರುವಾದಾಗ ಅದರ ಹೆಸರು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣಾ ಸಂಘ. ಊರಿನ ಸುತ್ತಲಿನ ರೈತರು ಬೆಳೆದ ದ್ರಾಕ್ಷಿಗೆ ದಲ್ಲಾಳಿಯ ಕೈಗೆ ಸಿಗದ ಒಂದು ಮಾರುಕಟ್ಟೆ ಬೇಕಿತ್ತು. ಸೊಪ್ಪು, ತರಕಾರಿ, ಮಾವು ಎಲ್ಲ ಆಮೇಲೆ ಬಂದು ಸೇರಿಕೊಂಡವು.

ಅದೇ ಮಳಿಗೆಯಿಂದ ಕೂಗಳತೆಯ ಮನೆಯೊಂದರಲ್ಲಿ ಇವತ್ತು ನಡೆಯುವ ಮಾತುಕತೆ ಬೇರೆ ಧಾಟಿಯದು. "ಭಾವ, ವೈನ್ ಟೂರ್ ಅಂದ್ರೆ ನಾಸಿಕ್ಕೇ. ಲಾಂಗ್ ವೀಕೆಂಡ್‌ಗೆ ಫ್ಲೈಟ್ ನೋಡಿ" ಎಂದು ಒಬ್ಬರು. "ಅಷ್ಟು ದೂರ ಯಾಕಮ್ಮ? ಮೈಸೂರು ರಸ್ತೇಲಿ ಒಂದಿದೆಯಂತೆ, ನಂದಿ ಕಡೆ ಇನ್ನೊಂದು. ಎಲ್ಲಿ ಫೋಟೊ ಚೆನ್ನಾಗಿ ಬರುತ್ತೋ ಅಲ್ಲಿಗೆ ಹೋದ್ರಾಯ್ತು" ಎಂದು ಇನ್ನೊಬ್ಬರು. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ವಾರಾಂತ್ಯದ ಮಾತು ಹೆಚ್ಚುಕಡಿಮೆ ಈ ಎರಡು ದಡಗಳ ನಡುವೆಯೇ ಹರಿಯುತ್ತದೆ. ಒಂದು ದಡದಲ್ಲಿ, ನಿಜವಾದ ವೈನ್ ಸೀಮೆ ದೂರದಲ್ಲಿದೆ, ಹತ್ತಿರದ್ದು ಅದರ ನಕಲು ಎಂಬ ನಂಬಿಕೆ. ಇನ್ನೊಂದರಲ್ಲಿ, ಹತ್ತಿರದವೆಲ್ಲ ಒಂದೇ, ಕಟ್ಟಡ, ಊಟ, ಹಿನ್ನೆಲೆಯ ನೋಟ ನೋಡಿ ಆರಿಸಿದರೆ ಸಾಕು ಎಂಬ ನಂಬಿಕೆ. ಎರಡೂ ತಪ್ಪು. ಎರಡಕ್ಕೂ ಬೇರು ಒಂದೇ: ದ್ರಾಕ್ಷಿ ಸೀಮೆಗೆ ಹೊರಟವರು ದ್ರಾಕ್ಷಿಯನ್ನೇ ಲೆಕ್ಕದಿಂದ ಬಿಟ್ಟಿದ್ದಾರೆ.

ಮೊದಲು ನಾಸಿಕ್‌ನ ಮಾತು. ಅದರ ಹಿರಿಮೆಯನ್ನು ಅಲ್ಲಗಳೆಯಬೇಕಾಗಿಲ್ಲ. ದೇಶದಲ್ಲಿ ಅತಿ ಹೆಚ್ಚು ವೈನ್ ಮಾಡುವುದು ಮಹಾರಾಷ್ಟ್ರ, ಕರ್ನಾಟಕ ಎರಡನೆಯದು. ಮಹಾರಾಷ್ಟ್ರ ತನ್ನ ದ್ರಾಕ್ಷಿ ಸಂಸ್ಕರಣಾ ನೀತಿಯನ್ನು 2001ರಲ್ಲೇ ತಂದಿತು. ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತರುವ ಹೊತ್ತಿಗೆ 2007 ಆಗಿತ್ತು. ನಾಸಿಕ್‌ನಲ್ಲಿ ವೈನರಿಗಳು ಒತ್ತೊತ್ತಾಗಿವೆ, ಅತಿಥಿ ಸತ್ಕಾರ ಪಳಗಿದೆ. ಆದರೆ ಹೆಚ್ಚು ಮಾಡುವ ಊರೇ ಅಸಲಿ, ಮಿಕ್ಕಿದ್ದು ನಕಲು ಎನ್ನುವುದಾದರೆ ಕಾಫಿ ಬೆಳೆಯುವ ಕೊಡಗಿನವರು ಬ್ರೆಜಿಲ್‌ನ ನಕಲಾಗಬೇಕಾಗುತ್ತದೆ. ಬೆಂಗಳೂರಿನಿಂದ ನಾಸಿಕ್‌ಗೆ ರಸ್ತೆಯಲ್ಲಿ ಸುಮಾರು ಸಾವಿರ ಕಿಲೋಮೀಟರ್. ವಿಮಾನದಲ್ಲಿ ಹೋದರೂ ಮೂಡಲಪಾಳ್ಯದಿಂದ ದೇವನಹಳ್ಳಿಗೆ ಹೋಗಿ, ಕಾದು, ಹಾರಿ, ಇಳಿದು, ಮತ್ತೆ ಕಾರು ಹತ್ತುವುದರಲ್ಲಿ ಎರಡು ದಿನದ ರಜೆಯ ದೊಡ್ಡ ಪಾಲು ಕರಗುತ್ತದೆ. ವಿಚಿತ್ರವೆಂದರೆ, ಆ ವಿಮಾನ ಹತ್ತಲು ಹೋಗುವ ದೇವನಹಳ್ಳಿಯೇ ನಂದಿ ದ್ರಾಕ್ಷಿ ಸೀಮೆಯ ಹೊಸ್ತಿಲು. ಅಲ್ಲಿಂದ ದೊಡ್ಡಬಳ್ಳಾಪುರದ ರಸ್ತೆಯಲ್ಲಿರುವ ದ್ರಾಕ್ಷಿ ತೋಟವನ್ನು ಬೆನ್ನಿಗೆ ಹಾಕಿಕೊಂಡು ದ್ರಾಕ್ಷಿ ತೋಟ ನೋಡಲು ಜನ ಹಾರುತ್ತಾರೆ.

ಆ ತೋಟದ ಕಥೆಯನ್ನು ಬೆಂಗಳೂರಿನ ಶಾಲೆಗಳಲ್ಲೂ ಹೇಳಬೇಕು. ನಾಸಿಕ್‌ನ ಸುಲಾ ತನ್ನ ಮೊದಲ ಬಾಟಲಿಯನ್ನು 2000ನೇ ಇಸವಿಯಲ್ಲಿ ಹೊರತಂದಿತು. ಅದಕ್ಕೆ ಎಂಟು ವರ್ಷ ಮೊದಲೇ, 1992ರಲ್ಲಿ, ನಂದಿಯ ತಪ್ಪಲಿನ ದ್ರಾಕ್ಷಿಯಿಂದ ಗ್ರೋವರ್ ವೈನ್ ಅಂಗಡಿಗೆ ಬಂದಿತ್ತು. ಕಂವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ಈ ನೆಲದಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ, 1988ರಲ್ಲಿ ಕಂಪನಿ ಕಟ್ಟಿದರು. 1990ರ ದಶಕದ ನಡುವಿನಲ್ಲಿ ಬೋರ್ಡೊ ಸೀಮೆಯ ಮಿಶೆಲ್ ರೋಲಾನ್ ಸಲಹೆಗಾರರಾಗಿ ಸೇರಿದರು. ಕ್ಯಾಬರ್ನೆ ಸೊವಿನ್ಯೊನ್, ಶಿರಾಜ್, ವಿಯೊನ್ಯೆ ಮೊದಲಾದ ತಳಿಗಳು ದೊಡ್ಡಬಳ್ಳಾಪುರದ ಮಣ್ಣಿಗೆ ಒಗ್ಗಿದ್ದು ಹೀಗೆ. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜತೆ ವಿಲೀನವಾಗಿ ಅದು ಗ್ರೋವರ್ ಜಂಪಾ ಆಯಿತು. ಕಾಲದ ಲೆಕ್ಕದಲ್ಲಿ ನೋಡಿದರೆ ನಂದಿ ಯಾರ ನಕಲೂ ಅಲ್ಲ.

ಎರಡನೆಯ ನಂಬಿಕೆ ಇನ್ನೂ ಹೆಚ್ಚು ಹಾನಿ ಮಾಡುವಂಥದ್ದು, ಏಕೆಂದರೆ ಅದು ಕೇಳಲು ತುಂಬ ಸಮಂಜಸವಾಗಿದೆ. ಹತ್ತಿರದ ಎರಡರಲ್ಲಿ ಚೆಂದದ್ದನ್ನು ಆರಿಸಿದರೆ ತಪ್ಪೇನು? ತಪ್ಪು ಆಯ್ಕೆಯಲ್ಲಿಲ್ಲ, ಅಳತೆಗೋಲಿನಲ್ಲಿದೆ. ಟೇಸ್ಟಿಂಗ್ ರೂಮ್ ವರ್ಷದ 365 ದಿನವೂ ಒಂದೇ ಥರ ಇರುತ್ತದೆ. ಬಳ್ಳಿ ಹಾಗಿರುವುದಿಲ್ಲ.

ಯುರೋಪಿನಲ್ಲಿ ಚಳಿಗಾಲ ಬಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವಸಂತದಲ್ಲಿ ಚಿಗುರಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಹದಿಮೂರು ಡಿಗ್ರಿ ಅಕ್ಷಾಂಶದ ಬೆಂಗಳೂರಿನ ಸುತ್ತ ಬಳ್ಳಿಗೆ ಆ ನಿದ್ದೆ ಇಲ್ಲ. ಸುಮ್ಮನೆ ಬಿಟ್ಟರೆ ಹಸಿರಾಗಿ ಹಬ್ಬುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಋತುಮಾನ ಮಾಡುವ ಕೆಲಸವನ್ನು ರೈತನ ಕತ್ತರಿ ವಹಿಸಿಕೊಂಡಿದೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಒಮ್ಮೆ ಕತ್ತರಿ. ಅದರಿಂದ ಹುಟ್ಟುವ ಹೊಸ ಕಡ್ಡಿಯೊಳಗೆ ಮುಂದಿನ ಫಸಲಿನ ಮೊಗ್ಗು ಕೂರುತ್ತದೆ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಕತ್ತರಿ; ಅದಾದ ಮೇಲೆ ಹೂ, ಕಾಯಿ, ಗೊಂಚಲು. ವಿಜಯಪುರದ ಕಡೆ ಇದನ್ನೇ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎನ್ನುತ್ತಾರೆ. ಕಾಯಿಯನ್ನು ಮಳೆಗೆ ಸಿಗಿಸಿದರೆ ಡೌನಿಯಂಥ ಶಿಲೀಂಧ್ರ ರೋಗ ಹಿಡಿಯುತ್ತದೆ. ಒಣಹವೆಗೆ ಸಿಗಿಸಿದರೆ ಬಿಸಿಲು ಸಕ್ಕರೆ ತುಂಬುತ್ತದೆ, ರಾತ್ರಿಯ ಚಳಿ ಹುಳಿಯನ್ನು ಕಾಯುತ್ತದೆ. ಡಿಸೆಂಬರ್ ಕೊನೆಗೆ ಕಾಯಿ ಬಣ್ಣ ತಿರುಗತೊಡಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು.

ಈಗ ಪಶ್ಚಿಮ ಬೆಂಗಳೂರಿನ ಮನೆಗಳ ರಜೆ ಕ್ಯಾಲೆಂಡರನ್ನು ಇದರ ಪಕ್ಕ ಇಟ್ಟು ನೋಡಬೇಕು. ದಸರಾ ರಜೆಯಲ್ಲಿ ಹೊರಟರೆ ಆಗಷ್ಟೇ ಕತ್ತರಿಸಿದ ಕಡ್ಡಿ, ಅಲ್ಲೊಂದು ಇಲ್ಲೊಂದು ಚಿಗುರು. ಏಪ್ರಿಲ್-ಮೇ ಬೇಸಿಗೆ ರಜೆಯಲ್ಲಿ ಹೋದರೆ ಬೋಳು ಬಳ್ಳಿ. ಆಗಸ್ಟ್ 15ರ ಲಾಂಗ್ ವೀಕೆಂಡ್‌ನಲ್ಲಿ ಬರೀ ಎಲೆ. ವೈನರಿಯೊಳಗೂ ಆಗ ಕೆಲಸದ ಸದ್ದಿರುವುದಿಲ್ಲ. ಸ್ಟೀಲ್ ಟ್ಯಾಂಕುಗಳ ನಡುವೆ ಗೈಡ್ ಹೇಳುವುದನ್ನು ಕೇಳಿಕೊಂಡು ಬರಬೇಕು. ದ್ರಾಕ್ಷಿ ಕ್ರೇಟುಗಳಲ್ಲಿ ಬಂದು ಇಳಿಯುವ, ತೊಟ್ಟು ಬಿಡಿಸುವ, ಹಿಂಡುವ, ರಸ ಹುದುಗುವ, ಇಡೀ ಕಟ್ಟಡ ಹುಳಿಸಿಹಿ ಘಮದಲ್ಲಿ ಮುಳುಗುವ ಆ ಕೆಲವು ವಾರಗಳಲ್ಲಿ ನಗರದ ಮಧ್ಯಮ ವರ್ಗ ಮನೆಯಲ್ಲೇ ಕೂತಿರುತ್ತದೆ. ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ ಅದು. ಹೀಗೆ ವರ್ಷಾನುವರ್ಷ ತಪ್ಪು ತಿಂಗಳಲ್ಲಿ ಹೋಗಿ, ನೋಡಲು ಏನೂ ಇಲ್ಲದ್ದನ್ನು ನೋಡಿ ಬಂದವರೇ "ನಮ್ಮ ಕಡೆ ಏನಿದೆ ಬಿಡಿ, ನಾಸಿಕ್ ನೋಡಬೇಕು, ಟಸ್ಕನಿ ನೋಡಬೇಕು" ಎನ್ನುತ್ತಾರೆ. ಮೊದಲ ತಪ್ಪು ನಂಬಿಕೆಗೆ ನೀರೆರೆಯುವುದು ಈ ಎರಡನೆಯದೇ.

ಹಾಗಾದರೆ ನಂದಿಯೋ, ಮೈಸೂರು ರಸ್ತೆಯ ಚನ್ನಪಟ್ಟಣವೋ?

ಕರ್ನಾಟಕದ ವೈನ್ ವ್ಯವಹಾರದವರು ರಾಜ್ಯವನ್ನು ನಂದಿ ಕಣಿವೆ, ಕಾವೇರಿ ಕಣಿವೆ, ಕೃಷ್ಣಾ ಕಣಿವೆ, ಹಂಪಿ ಬೆಟ್ಟ ಎಂದು ಸೀಮೆಗಳಾಗಿ ವಿಂಗಡಿಸಿ ಮಾತಾಡುತ್ತಾರೆ. ಕೃಷ್ಣಾ ಕಣಿವೆಯೆಂದರೆ ವಿಜಯಪುರ, ಬಾಗಲಕೋಟೆಗಳ ಒಣಭೂಮಿ. ರಾಜ್ಯದ ದ್ರಾಕ್ಷಿಯ ಸಿಂಹಪಾಲು ಅಲ್ಲಿಯದು, ಒಣದ್ರಾಕ್ಷಿಯ ತವರೂ ಅದೇ. ಆದರೆ ಅದು ರಾತ್ರಿಯೆಲ್ಲ ರೈಲಿನ ಪ್ರಯಾಣ, ಶನಿವಾರ ಹೋಗಿ ಭಾನುವಾರ ಬರುವ ಊರಲ್ಲ. ಹಂಪಿ ಬೆಟ್ಟದ ಸೀಮೆ ಕೊಪ್ಪಳ ಜಿಲ್ಲೆಯಲ್ಲಿದೆ. ಅದಕ್ಕೂ ಇದೇ ಮಾತು. ಎರಡು ದಿನಕ್ಕೆ ಉಳಿಯುವುದು ನಂದಿಯ ತಪ್ಪಲು ಮತ್ತು ಮೈಸೂರು ರಸ್ತೆ.

ಮೈಸೂರು ರಸ್ತೆಯ ಪರವಾಗಿ ಹೇಳುವ ಮಾತು ಸರಳ: ಹತ್ತಿರ. ಚನ್ನಪಟ್ಟಣದ ಬಳಿ ಇದ್ದ ಹೆರಿಟೇಜ್ ವೈನರಿಯನ್ನು 2017ರಲ್ಲಿ ಸುಲಾ ಕೊಂಡು ಡೊಮೇನ್ ಸುಲಾ ಎಂದು ಹೆಸರಿಟ್ಟಿತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾದ ಮೇಲಂತೂ ಕೆಂಗೇರಿಯವರಿಗೆ ಅದು ಊಟಕ್ಕೆ ಹೋಗಿಬರುವ ದೂರ. ಊಟಕ್ಕೆ ಹೋಗುವುದಾದರೆ ಹೋಗಲಿ. ಜತೆಗೆ ಬೊಂಬೆ ಕೆತ್ತುವವರ ಬೀದಿ ನೋಡಿ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಇಣುಕಿ ಬಂದರೆ ಒಳ್ಳೆಯ ದಿನವೇ ಆಗುತ್ತದೆ. ಆದರೆ ಆ ದಾರಿಯ ಉಸಿರು ರೇಷ್ಮೆ, ತೆಂಗು, ಮಾವು, ಕಬ್ಬಿನದು. ಕಾರಿನ ಕಿಟಕಿಯಾಚೆ ಮೈಲಿಗಟ್ಟಲೆ ಕಾಣುವುದು ಹಿಪ್ಪುನೇರಳೆ, ದ್ರಾಕ್ಷಿಯ ಚಪ್ಪರವಲ್ಲ. ವೈನರಿ ಒಂದಿದ್ದ ಮಾತ್ರಕ್ಕೆ ಸುತ್ತಲಿನ ನಾಡು ದ್ರಾಕ್ಷಿ ಸೀಮೆಯಾಗುವುದಿಲ್ಲ.

ನಂದಿಯ ಸುತ್ತ ಹಾಗಲ್ಲ. ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಪ್ರತಿ ಭಾನುವಾರ ನಸುಕಿಗೆ ಸೂರ್ಯೋದಯಕ್ಕೆಂದು ಸಾಲುಗಟ್ಟುವ ವಾಹನಗಳೆಲ್ಲ ಆ ತುದಿಗೆ ಹೋಗುತ್ತವೆ. ದ್ರಾಕ್ಷಿ ಬೆಳೆಯುವುದು ಬುಡದಲ್ಲಿ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಲ್ಲುಕಂಬ ನೆಟ್ಟು, ತಲೆಯೆತ್ತರಕ್ಕೆ ತಂತಿ ಎಳೆದು ಹಬ್ಬಿಸಿದ ಚಪ್ಪರಗಳು. ಅಲ್ಲಿ ದಿಲ್‌ಖುಷ್, ಅನಾಬ್-ಎ-ಶಾಹಿ, ಕೃಷ್ಣ ಶರದ್ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಈ ಊರಿನದೇ ಹೆಸರು ಹೊತ್ತ ಬೆಂಗಳೂರು ನೀಲಿ ಇದೆ.

ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ನೆಲಕ್ಕೆ ಸೇರಿದ ಹಣ್ಣು ಅದು. ಬೆರಳಲ್ಲಿ ಒತ್ತಿದರೆ ದಪ್ಪ ಸಿಪ್ಪೆಯಿಂದ ತಿರುಳು ಜಾರಿ ಬಾಯಿಗೆ ಬೀಳುತ್ತದೆ, ಬೀಜ ಸಿಗುತ್ತದೆ, ಘಮ ಮೂಗಿಗೆ ಹತ್ತುತ್ತದೆ. ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ ಗ್ರೇಪ್ ಜ್ಯೂಸ್ ಕುಡಿದು ಬೆಳೆದವರ ನಾಲಗೆಯಲ್ಲಿ ದ್ರಾಕ್ಷಿ ರುಚಿಯೆಂದು ಉಳಿದಿರುವುದು ಇದೇ. ಕ್ರಿಸ್‌ಮಸ್‌ಗೆಂದು ಮನೆಗಳಲ್ಲಿ ಭರಣಿಯಲ್ಲಿ ಹುದುಗಿಸುತ್ತಿದ್ದ ವೈನ್ ಇದರದು, ಗೋವಾದ ಸಿಹಿ ಪೋರ್ಟ್ ವೈನಿಗೂ ಈ ಹಣ್ಣು ಹೋಗಿದೆ. ವೈನ್ ತಳಿಗಳಂತಲ್ಲದೆ, ಇಲ್ಲಿನ ಹವೆಯಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ಗಟ್ಟಿಗ ಬಳ್ಳಿ.

ಈ ಹಣ್ಣಿನ ಬಗ್ಗೆ ವೈನ್ ಬಲ್ಲವರು ಎನಿಸಿಕೊಂಡವರಲ್ಲಿ ಒಂದು ತಾತ್ಸಾರವಿದೆ. ಇದು ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿರುವ ಇಸಬೆಲ್ಲಾ ಬಳಗದ ತಳಿ, ಅದರ ಘಮ ಒರಟು, ಒಳ್ಳೆಯ ವೈನಿಗೆ ಆಗದು ಎನ್ನುತ್ತಾರೆ. ಫ್ರಾನ್ಸ್ 1930ರ ದಶಕದಲ್ಲಿ ಇಸಬೆಲ್ಲಾ ಮೊದಲಾದ ತಳಿಗಳನ್ನು ನಿಷೇಧಿಸಿದ್ದು ನಿಜ. ಬೋರ್ಡೊ ಮಾದರಿಯ ಒಣ ಕೆಂಪು ವೈನ್ ಬೇಕಾದವರಿಗೆ ಕ್ಯಾಬರ್ನೆಯೇ ಬೇಕೆನ್ನುವುದೂ ಸರಿ. ಆದರೆ ಫ್ರಾನ್ಸಿನ ಕಾನೂನು ಬೆಂಗಳೂರಿನ ನಾಲಗೆಗೆ ಶಾಸನವಾಗಬೇಕಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಹಣ್ಣನ್ನು ಕೀಳೆಂದು ಎಸೆಯಲಿಲ್ಲ. ಬೆಂಗಳೂರು ನೀಲಿಯನ್ನು ಬ್ಲ್ಯಾಕ್ ಚಂಪಾ ಜತೆ ಕೂಡಿಸಿ ಅರ್ಕಾ ಶ್ಯಾಮ್ ಮಾಡಿದರು, ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್ ಜತೆ ಕೂಡಿಸಿ ಅರ್ಕಾ ತೃಷ್ಣಾ ಮಾಡಿದರು. ಅರ್ಕಾ ತೃಷ್ಣಾವನ್ನು ವೈನಿಗಾಗಿಯೇ ಶಿಫಾರಸು ಮಾಡಿದರು. ರಾಜಾಜಿನಗರದಿಂದ ಹೆಸರಘಟ್ಟ ಎಷ್ಟು ದೂರ? ಊರಿನ ಪಶ್ಚಿಮದ ಜನ ನಂದಿ ಸೀಮೆಗೆ ಹೋಗುವ ಒಂದು ದಾರಿ ಅದರ ಮಗ್ಗುಲಲ್ಲೇ ಹಾಯುತ್ತದೆ. ಇಷ್ಟು ಹತ್ತಿರ ಇಷ್ಟು ಕೆಲಸ ನಡೆದಿದ್ದರೂ ವೈನ್ ಪ್ರವಾಸದ ಮಾತಿನಲ್ಲಿ ಅದರ ಸುಳಿವೇ ಇಲ್ಲದಿರುವುದು ನೋವಿನ ಸಂಗತಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ಉತ್ತರ ಕೊಡಲೇಬೇಕು. ವಾರವಿಡೀ ದುಡಿದವರು ಆರಾಮಕ್ಕೆ ಹೋಗುತ್ತಾರೆ. ಬಳ್ಳಿ, ತಳಿ, ಕತ್ತರಿ ಎಂದು ಪಾಠ ಕೇಳಲು ಯಾರಿಗೆ ಬೇಕು ಎಂಬುದು ಆ ಆಕ್ಷೇಪ. ಆರಾಮ ಬೇಕೆಂದರೆ ತಪ್ಪಿಲ್ಲ, ಅದಕ್ಕೆ ಕನಕಪುರ ರಸ್ತೆಯ ಯಾವುದಾದರೂ ರೆಸಾರ್ಟ್ ಸಾಕು. ಆದರೆ ಪಶ್ಚಿಮ ಬೆಂಗಳೂರಿನ ಮನೆಗಳು ಹೇಗಿರುತ್ತವೆಂದು ನೆನೆಯಬೇಕು. ವಾರಾಂತ್ಯಕ್ಕೆ ಹೊರಟರೆ ಅಜ್ಜಿ ಇರುತ್ತಾರೆ, ಅತ್ತೆ ಮಾವ ಇರುತ್ತಾರೆ, ಮಕ್ಕಳಿರುತ್ತಾರೆ. ಐದಾರು ಜನರಲ್ಲಿ ವೈನ್ ಮುಟ್ಟುವವರು ಇಬ್ಬರಿರಬಹುದು. ಟೇಸ್ಟಿಂಗ್ ರೂಮ್ ನೋಡಿ ಊರು ಆರಿಸಿದರೆ ಆ ಇಬ್ಬರು ಗ್ಲಾಸು ಹಿಡಿದು ಕೂತಿರುವಾಗ ಉಳಿದವರು ಗಡಿಯಾರ ನೋಡುತ್ತ ಕೂರಬೇಕು. ಫೆಬ್ರುವರಿಯ ಚಪ್ಪರದ ಕೆಳಗೆ ಯಾರೂ ಹೊರಗಿನವರಲ್ಲ. ಮಗು ತಲೆಯೆತ್ತಿ ಗೊಂಚಲು ಎಣಿಸುತ್ತದೆ, ಅಜ್ಜಿ ಕೊಂಡ ಬುಟ್ಟಿಯಿಂದ ಒಂದೊಂದೇ ಹಣ್ಣು ಬಿಡಿಸಿ ಬಾಯಿಗಿಡುತ್ತಾರೆ, ಕುಡಿಯುವವರು ಅದೇ ಹಣ್ಣಿನ ಬಂಧುವನ್ನು ಲೋಟದಲ್ಲಿ ಗುರುತಿಸುತ್ತಾರೆ. ಇಡೀ ಮನೆಗೆ ದಕ್ಕುವ ಆರಾಮ ಇದು.

ಇನ್ನೊಂದು ಬೇರೂರಿದ ನಂಬಿಕೆಯನ್ನೂ ಕೀಳಬೇಕು: ವೈನ್ ಪ್ರವಾಸಕ್ಕೆ ಕಾರು ಬೇಕೇ ಬೇಕು ಎಂಬುದು. ಇದಂತೂ ಜೀವಕ್ಕೇ ಎರವಾಗುವ ನಂಬಿಕೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಇದ್ದು ಗಾಡಿ ಓಡಿಸಿದರೆ ಅಪರಾಧ. ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಾಲ್ಕೈದು ಬಗೆಯ ವೈನ್ ರುಚಿ ನೋಡಿ ದಶಪಥದಲ್ಲಿ ಸ್ಟಿಯರಿಂಗ್ ಹಿಡಿಯುವುದು ತನ್ನ ಮನೆಯವರ ಮೇಲೂ ಎದುರು ಬರುವವರ ಮೇಲೂ ಮಾಡುವ ಅನ್ಯಾಯ. ಆ ರಸ್ತೆಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಿಗೆ ಪ್ರವೇಶವೂ ಇಲ್ಲ.

ಆದರೆ ರೈಲಿದೆ. ಪಶ್ಚಿಮ ಬೆಂಗಳೂರಿಗೆ ಈ ವಿಷಯದಲ್ಲಿ ಇರುವ ಅನುಕೂಲ ಇಂದಿರಾನಗರಕ್ಕಿಲ್ಲ, ಕೋರಮಂಗಲಕ್ಕಿಲ್ಲ. ಯಶವಂತಪುರದಿಂದ ಯಲಹಂಕ, ರಾಜಾನುಕುಂಟೆ ದಾಟಿ ಹಿಂದೂಪುರದ ಕಡೆ ಹೋಗುವ ಹಳಿಯ ಮೇಲೇ ದೊಡ್ಡಬಳ್ಳಾಪುರವಿದೆ. ರಾಜಾಜಿನಗರ, ಮಹಾಲಕ್ಷ್ಮಿಯವರು ಹಸಿರು ಮಾರ್ಗದ ಮೆಟ್ರೊದಲ್ಲಿ ಯಶವಂತಪುರ ಮುಟ್ಟಬಹುದು. ಬಸವೇಶ್ವರನಗರದವರಿಗೆ ಅದು ಸಣ್ಣ ಆಟೊ ಪ್ರಯಾಣ. ದೊಡ್ಡಬಳ್ಳಾಪುರದಲ್ಲಿ ಇಳಿದು ಮತ್ತೆ ಆಟೊ ಹಿಡಿದರೆ ತೋಟ. ಚನ್ನಪಟ್ಟಣಕ್ಕೇ ಹೋಗುತ್ತೇವೆ ಎನ್ನುವವರಿಗೂ ಕೆಂಗೇರಿ ನಿಲ್ದಾಣವಿದೆ. 2021ರಿಂದ ನೇರಳೆ ಮಾರ್ಗದ ಮೆಟ್ರೊ ವಿಜಯನಗರದವರನ್ನು ಕೆಂಗೇರಿಗೆ ತಲುಪಿಸುತ್ತಿದೆ, ಅಲ್ಲಿಂದ ಮೈಸೂರು ಕಡೆಯ ಮೆಮು ಹತ್ತಿದರೆ ಬಿಡದಿ, ರಾಮನಗರ, ಚನ್ನಪಟ್ಟಣ. ಟಿಕೆಟ್ಟಿಗೆ ಕೊಡುವ ದುಡ್ಡು ಟೋಲ್ ಗೇಟಿನಲ್ಲಿ ಕಟ್ಟುವುದಕ್ಕಿಂತ ಕಡಿಮೆ. ಮರಳಿ ಬರುವಾಗ ಯಾರೂ ಉಪವಾಸ ಕೂತ ಡ್ರೈವರ್ ಆಗಬೇಕಾಗಿಲ್ಲ.

ಇಷ್ಟಾದ ಮೇಲೆ ತೀರ್ಪು ಕಷ್ಟವಲ್ಲ. ಜನವರಿ ನಡುವಿನಿಂದ ಮಾರ್ಚ್‌ವರೆಗೆ ನಂದಿ ತಪ್ಪಲಿಗೆ ಸಾಟಿ ಇಲ್ಲ. ರಾಜಾಜಿನಗರದವರಿಗಾದರೂ ಕೆಂಗೇರಿಯವರಿಗಾದರೂ ಅದೇ ಮೊದಲ ಆಯ್ಕೆಯಾಗಬೇಕು. ಉಳಿದ ತಿಂಗಳುಗಳಲ್ಲಿ ಚನ್ನಪಟ್ಟಣದ ಊಟ, ಬೊಂಬೆ, ರೇಷ್ಮೆಗೂಡು ಚೆನ್ನ, ಅದನ್ನು ದ್ರಾಕ್ಷಿ ಯಾತ್ರೆ ಎಂದು ಕರೆಯದಿದ್ದರಾಯಿತು. ನಾಸಿಕ್ ನೋಡಲೇಬೇಕೆಂದಿದ್ದರೆ ಒಂದು ವಾರ ರಜೆ ಹಾಕಿ, ಅದೂ ಕೊಯ್ಲಿನ ಕಾಲದಲ್ಲಿ ನೋಡುವುದು ಆ ಸೀಮೆಗೂ ಕೊಡುವ ಗೌರವ.

ಪರೀಕ್ಷೆಯ ತಾಪತ್ರಯ ಇಲ್ಲದ ದಿನಗಳು ಈ ಅವಧಿಯಲ್ಲೂ ಇವೆ. ಸಂಕ್ರಾಂತಿಯಿದೆ, ಜನವರಿ 26 ಇದೆ. ಈ ಸಲ ರೂಮು ಬುಕ್ ಮಾಡುವ ಮೊದಲು, ಮೆನು ಕೇಳುವ ಮೊದಲು, ಫೋನು ಮಾಡಿ ಒಂದೇ ಒಂದು ಪ್ರಶ್ನೆ ಕೇಳಿ: "ಈ ವಾರ ತೋಟದಲ್ಲಿ ಕೊಯ್ಲು ನಡೀತಿದೆಯಾ?" ಹೌದೆಂದರೆ ಹೊರಡಿ. ಇಲ್ಲವೆಂದರೆ, ಯಾವಾಗ ಶುರು ಎಂದು ಕೇಳಿ ತಿಳಿದು, ಆ ದಿನಕ್ಕೆ ಮನೆಯವರಿಗೆಲ್ಲ ಯಶವಂತಪುರದಿಂದ ರೈಲು ಹಿಡಿಯಲು ಹೇಳಿಡಿ.